ಪೋರ್ಟಲ್ ತುಂಬಲು ಬಂದರೆ ಸಾಕೇ? ಪ್ರಾಥಮಿಕ ಶಾಲಾ ಶಿಕ್ಷಕರ ಡಿಜಿಟಲ್ ಕೌಶಲದ ಬಗ್ಗೆ ಚರ್ಚೆ

ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಗುರುಬಳಗಕ್ಕೆ ನಮಸ್ಕಾರ. ಶಿಕ್ಷಕರ ಡಿಜಿಟಲ್ ಕೌಶಲದ ಮಾತು ಬಂದಾಗಲೆಲ್ಲ ಪೋರ್ಟಲ್‌ಗಳ ಹೆಸರೇ ಮುಂದೆ ಬರುತ್ತದೆ. ರಾಜ್ಯದ ವಿದ್ಯಾರ್ಥಿ ದಾಖಲೆಯ ಪೋರ್ಟಲ್ ಸ್ಯಾಟ್ಸ್‌ನಲ್ಲಿ ದಾಖಲಾತಿ, ದೇಶದ ಶಾಲೆಗಳ ಮಾಹಿತಿ ಪೋರ್ಟಲ್ ಯುಡೈಸ್ ಪ್ಲಸ್‌ನಲ್ಲಿ ಶಾಲೆಯ ವಿವರ, ಬಿಸಿಯೂಟದ ಲೆಕ್ಕ, ಪ್ರತಿ ವಿದ್ಯಾರ್ಥಿಯ ಅಪಾರ್ ಗುರುತಿನ ಸಂಖ್ಯೆ, ಆನ್‌ಲೈನ್ ಕಲಿಕೆಯ ವೇದಿಕೆ ದೀಕ್ಷಾದಲ್ಲಿ ಮುಗಿಸಿದ ಕೋರ್ಸುಗಳ ಪ್ರಮಾಣಪತ್ರ. ಇಷ್ಟನ್ನು ತಡವರಿಸದೆ ಮಾಡುವವರಿಗೆ ‘ಅವರಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ’ ಎಂಬ ಹೆಸರು ಸಿಗುತ್ತದೆ. ಆದರೆ ಇದರಲ್ಲಿ ಮಗುವಿನ ಜೊತೆ ಕುಳಿತು ಮಾಡುವ ಕೆಲಸ ಯಾವುದಿದೆ?

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮಾಹಿತಿ ತುಂಬುವುದು ಕಚೇರಿ ಕೆಲಸ. ಶಿಕ್ಷಕರ ವೃತ್ತಿ ಕೌಶಲ ಅಳೆಯಬೇಕಾದದ್ದು ತರಗತಿಯಲ್ಲಿ. ಕೈಯಲ್ಲಿರುವ ಫೋನನ್ನು ಯಾವ ಪಾಠಕ್ಕೆ ತೆಗೆಯಬೇಕು, ಯಾವ ಪಾಠಕ್ಕೆ ಚೀಲದಲ್ಲೇ ಬಿಡಬೇಕು ಎಂದು ತಿಳಿದವರೇ ನನ್ನ ಲೆಕ್ಕದಲ್ಲಿ ಡಿಜಿಟಲ್ ಸಾಕ್ಷರರು. ಈ ತಿಳಿವಳಿಕೆಯನ್ನು ನಮಗೆ ಯಾರೂ ಕಲಿಸುತ್ತಿಲ್ಲ. ಒಂದು ಬಟನ್ ಎಲ್ಲಿದೆ ಎಂದು ಹೇಳಿಕೊಟ್ಟು ತರಬೇತಿ ಮುಗಿಯಿತು ಎನ್ನುತ್ತಾರೆ.

ನಿಮ್ಮ ತರಗತಿಯಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಒಂದು ಬಳಕೆಯನ್ನಾದರೂ ಇಲ್ಲಿ ಬರೆಯಿರಿ. ಕೆಲಸಕ್ಕೆ ಬಾರದ್ದನ್ನೂ ಬರೆಯಿರಿ.

ಮುಖ್ಯ ಶಿಕ್ಷಕ, ಕೊಪ್ಪಳ ಜಿಲ್ಲೆ

ಮೇಡಂ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಮಾಹಿತಿ ಕೆಲಸವನ್ನು ಇಷ್ಟು ಹಗುರವಾಗಿ ನೋಡಬೇಡಿ. ನಮ್ಮ ಭಾಗದಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಮಕ್ಕಳ ಸಮೇತ ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುತ್ತವೆ. ಹಿಂದೆ ಆ ಮಗು ಯಾವ ಶಾಲೆಗೆ ಸೇರಿತು, ಸೇರಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಇಂದು ಸ್ಯಾಟ್ಸ್ ಸಂಖ್ಯೆ ಇದ್ದರೆ ರಾಜ್ಯದೊಳಗೆ ಮಗು ಯಾವ ಶಾಲೆಯಲ್ಲಿದೆ ಎಂದು ನೋಡಬಹುದು, ವರ್ಗಾವಣೆ ಪ್ರಮಾಣಪತ್ರಕ್ಕಾಗಿ ತಂದೆ ಕೂಲಿ ಬಿಟ್ಟು ಊರಿಗೆ ಬರಬೇಕಾಗಿಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಅದನ್ನು ಸರಿಯಾಗಿ ತುಂಬುವುದೂ ಮಗುವಿನ ಕೆಲಸವೇ.

ನನ್ನ ಪ್ರಶ್ನೆ ಬೇರೆ. ಈ ಕೆಲಸವನ್ನು ಯಾರು ಮಾಡಬೇಕು? ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತರ ಹುದ್ದೆಯೇ ಇಲ್ಲ. ಶಿಕ್ಷಣ ಹಕ್ಕು ಕಾಯಿದೆಯ 27ನೇ ಪ್ರಕರಣದ ಪ್ರಕಾರ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೂ 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅದು ಮುಗಿಯಲಿ ಎಂದು ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ಮುಂದುವರಿಸಿದ್ದನ್ನು ಎಲ್ಲರೂ ಕಂಡಿದ್ದೇವೆ. ಬೆಟ್ಟದ ಮೇಲಿನ ಮನೆಯ ಮುಂದೆ ನಿಂತು ನೆಟ್‌ವರ್ಕ್ ಹುಡುಕಿ, ಒಟಿಪಿ ಕೇಳಿ, ಹಿರಿಯರಿಗೆ ಪ್ರಶ್ನೆ ತಿಳಿಸಿ ಹೇಳಿ ವಿವರ ತುಂಬಿದ ಶಿಕ್ಷಕರಿಗೆ ತಂತ್ರಜ್ಞಾನ ಬರುವುದಿಲ್ಲ ಎಂದು ಯಾರೂ ಹೇಳಬಾರದು. ಇಲ್ಲದಿರುವುದು ಸಮಯ.

ಅತಿಥಿ ಶಿಕ್ಷಕ, ಚಿಕ್ಕಬಳ್ಳಾಪುರ ಜಿಲ್ಲೆ

ಒಂದು ಮಾತು ಸೇರಿಸುತ್ತೇನೆ. ನಮ್ಮಂಥ ಅತಿಥಿ ಶಿಕ್ಷಕರನ್ನು ತರಬೇತಿಗೆ ಕರೆಯುವುದು ಅಪರೂಪ. ಶಾಲೆಯ ಪ್ರೊಜೆಕ್ಟರ್ ಕೆಟ್ಟರೆ ಮಾತ್ರ ಮೊದಲು ನಮ್ಮನ್ನೇ ಕರೆಯುತ್ತಾರೆ. ನನಗೆ ಯಂತ್ರ ಗೊತ್ತು, ಮೂರನೇ ತರಗತಿಯ ಮಗುವಿಗೆ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಹೇಗೆ ಕಲಿಸಬೇಕು ಎಂಬುದು ಹಿರಿಯ ಮೇಡಂಗೆ ಗೊತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಯೋಜಿಸುವಂತಾದರೆ ಅದಕ್ಕಿಂತ ಒಳ್ಳೆಯ ತರಬೇತಿ ಬೇಕೇ?

ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಮುಖ್ಯ ಗುರುಗಳೇ, ನೀವು ಹೇಳಿದ ವಲಸೆ ಮಕ್ಕಳ ವಿಷಯ ಒಪ್ಪಿದೆ. ನಾನು ಮಾಹಿತಿ ಬೇಡ ಎನ್ನುತ್ತಿಲ್ಲ, ಅದನ್ನೇ ಕೌಶಲ ಎಂದು ಕರೆದು ಅಲ್ಲಿಗೆ ನಿಲ್ಲಿಸಬೇಡಿ ಎನ್ನುತ್ತೇನೆ.

ನಾನೇ ಕೇಳಿದ್ದಕ್ಕೆ ನಾನೇ ಮೊದಲು ಉತ್ತರಿಸುತ್ತೇನೆ. ನಾಲ್ಕನೇ ತರಗತಿಯ ಮಕ್ಕಳು ಗಟ್ಟಿಯಾಗಿ ಓದುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಅವರಿಗೇ ಕೇಳಿಸುತ್ತೇನೆ. ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದ ಮಗುವನ್ನು ನಾನು ತಿದ್ದಿದರೆ ಅದು ತಲೆ ತಗ್ಗಿಸುತ್ತದೆ. ತನ್ನ ದನಿಯನ್ನೇ ಕೇಳಿಸಿಕೊಂಡರೆ ‘ಟೀಚರ್, ಇನ್ನೊಂದು ಸಲ ಓದುತ್ತೇನೆ’ ಎಂದು ತಾನೇ ಕೇಳುತ್ತದೆ. ಒತ್ತಕ್ಷರ ಬಂದಲ್ಲಿ ತಡೆಯುವವರು ಯಾರು, ಪೂರ್ಣವಿರಾಮ ನೋಡದೆ ಓಡುವವರು ಯಾರು, ಪದ ಓದಿದರೂ ಅರ್ಥ ಹಿಡಿಯದವರು ಯಾರು ಎಂಬುದು ಸಂಜೆ ನಿಧಾನವಾಗಿ ಕೇಳಿದಾಗ ನನಗೂ ತಿಳಿಯುತ್ತದೆ. ತರಗತಿಯ ಗದ್ದಲದಲ್ಲಿ ಇದು ಸಾಧ್ಯವಿಲ್ಲ. ಜೂನ್ ತಿಂಗಳ ಓದನ್ನೂ ಡಿಸೆಂಬರ್ ತಿಂಗಳ ಓದನ್ನೂ ತಾಯಂದಿರಿಗೆ ಒಂದರ ಹಿಂದೆ ಒಂದು ಕೇಳಿಸಿದರೆ, ಓದು ಬಾರದ ತಾಯಿಗೂ ಮಗಳ ಪ್ರಗತಿ ತಿಳಿಯುತ್ತದೆ. ಅಂಕಪಟ್ಟಿಯಿಂದ ಅದು ತಿಳಿಯುವುದಿಲ್ಲ.

ಇದಕ್ಕೆ ಇಂಟರ್‌ನೆಟ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಯಾವ ತರಬೇತಿಯಲ್ಲೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಡಯಟ್ ಉಪನ್ಯಾಸಕಿ, ಮೈಸೂರು ವಿಭಾಗ

ಮೇಡಂ ಬರೆದ ಧ್ವನಿಮುದ್ರಣದ ಉದಾಹರಣೆಯನ್ನು ನಮ್ಮ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಪ್ರಶಿಕ್ಷಣಾರ್ಥಿಗಳಿಗೆ ಹೇಳಲು ಅನುಮತಿ ಕೇಳುತ್ತೇನೆ. ಶಿಕ್ಷಣಶಾಸ್ತ್ರ ಹೇಳುವುದೂ ಇದನ್ನೇ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಒಂದು ಮುಖ್ಯ ಮಾತು ಹೇಳಿದರು: ವಿಷಯ ಗೊತ್ತಿರುವುದು ಬೇರೆ, ಕಲಿಸುವ ಸಾಮಾನ್ಯ ವಿಧಾನ ಗೊತ್ತಿರುವುದು ಬೇರೆ, ಈ ವಿಷಯವನ್ನು ಈ ಮಗುವಿಗೆ ಹೇಗೆ ಮುಟ್ಟಿಸಬೇಕು ಎಂಬುದು ಇವೆರಡೂ ಕೂಡಿದ ಮೂರನೆಯ ಜ್ಞಾನ. 2006ರಲ್ಲಿ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅದಕ್ಕೆ ತಂತ್ರಜ್ಞಾನದ ತಿಳಿವಳಿಕೆಯನ್ನು ಜೋಡಿಸಿದರು. ಮೂರೂ ಒಂದನ್ನೊಂದು ಕೂಡುವ ಜಾಗದಲ್ಲಿ ಶಿಕ್ಷಕರ ಕೌಶಲ ಇದೆ. ತಂತ್ರಜ್ಞಾನವನ್ನು ಮಾತ್ರ ಪ್ರತ್ಯೇಕವಾಗಿ ಕಲಿಸಿದರೆ ಅದು ತರಗತಿಯ ಬಾಗಿಲವರೆಗೂ ಬರುವುದಿಲ್ಲ.

ಯುನೆಸ್ಕೊ 2018ರಲ್ಲಿ ಪ್ರಕಟಿಸಿದ ಶಿಕ್ಷಕರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಸಾಮರ್ಥ್ಯ ಚೌಕಟ್ಟಿನಲ್ಲಿ 18 ಸಾಮರ್ಥ್ಯಗಳಿವೆ. ಅವನ್ನು ಮೂರು ಹಂತಗಳಲ್ಲಿ ಇಟ್ಟಿದ್ದಾರೆ: ಜ್ಞಾನ ಪಡೆಯುವುದು, ಅದನ್ನು ಆಳವಾಗಿಸುವುದು, ಹೊಸದನ್ನು ಸೃಷ್ಟಿಸುವುದು. ನಮ್ಮ ಹೆಚ್ಚಿನ ತರಬೇತಿಗಳು ಮೊದಲನೆಯ ಹಂತದ ಹೊಸ್ತಿಲಲ್ಲೇ ನಿಂತಿವೆ ಎಂಬುದು ನನ್ನ ಅನುಭವ.

ನಮ್ಮ ರಾಜ್ಯಕ್ಕೆ ಇದರಲ್ಲಿ ಅನುಭವದ ಕೊರತೆ ಇಲ್ಲ. ಆಕಾಶವಾಣಿಯ ಮೂಲಕ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಎಂಬ ರೇಡಿಯೊ ಪಾಠಗಳು ಬಂದವು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಉಪಗ್ರಹ ಪಾಠಗಳು ತಲುಪಿದವು. ರೇಡಿಯೊ ಪಾಠದ ಒಂದು ಗುಣ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ: ಪಾಠದ ನಡುವೆ ಬಿಡುವು ಕೊಟ್ಟು ಮಕ್ಕಳಿಂದ ಉತ್ತರ ಹೇಳಿಸುತ್ತಿದ್ದರು, ಹಾಡಿಸುತ್ತಿದ್ದರು, ಆಡಿಸುತ್ತಿದ್ದರು. ಶಿಕ್ಷಕರು ಅದರಲ್ಲಿ ಪಾಲುದಾರರು. ಈಗಿನ ಅನೇಕ ವಿಡಿಯೊಗಳಲ್ಲಿ ಮಗುವಿಗೂ ಕೆಲಸವಿಲ್ಲ, ಶಿಕ್ಷಕರಿಗೂ ಕೆಲಸವಿಲ್ಲ.

ತರಬೇತಿಯ ಬಗ್ಗೆಯೂ ಹೇಳಲೇಬೇಕು. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ, ತಾಲ್ಲೂಕಿನವರು ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಹೇಳುವ ಕ್ರಮದಲ್ಲಿ ಕೊನೆಗೆ ಉಳಿಯುವುದು ಸ್ಲೈಡುಗಳು ಮಾತ್ರ, ಅವುಗಳ ಹಿಂದಿನ ಯೋಚನೆ ದಾರಿಯಲ್ಲೇ ಕರಗಿಹೋಗುತ್ತದೆ. 2019ರಲ್ಲಿ ಮುಖಾಮುಖಿಯಾಗಿ ಆರಂಭವಾದ ಕೇಂದ್ರ ಸರ್ಕಾರದ ನಿಷ್ಠಾ ಶಿಕ್ಷಕ ತರಬೇತಿ 2020ರ ಅಕ್ಟೋಬರ್‌ನಿಂದ ದೀಕ್ಷಾ ಮೂಲಕ ಆನ್‌ಲೈನ್‌ಗೆ ಬಂದಾಗ, ಮಧ್ಯದ ಮೆಟ್ಟಿಲುಗಳಿಲ್ಲದೆ ಪ್ರತಿ ಶಿಕ್ಷಕರಿಗೂ ಒಂದೇ ವಿಷಯ ನೇರವಾಗಿ ತಲುಪುತ್ತದೆ ಎಂದು ಸಂತೋಷಪಟ್ಟಿದ್ದೆ. ತಲುಪಿದ್ದು ನಿಜ. ಆದರೆ ಕೋರ್ಸಿನ ಕೊನೆಯ ಪ್ರಶ್ನೆಗಳ ಉತ್ತರಗಳೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಷ್ಟೇ ವೇಗವಾಗಿ ತಲುಪಿದವು. ಅದಕ್ಕೆ ನಾನು ಶಿಕ್ಷಕರನ್ನು ದೂರುವುದಿಲ್ಲ. ಇಂಥ ದಿನಾಂಕದೊಳಗೆ ನೂರಕ್ಕೆ ನೂರು ಮುಗಿಸಬೇಕು ಎಂಬ ಒತ್ತಡ ಇರುವಲ್ಲಿ ಪ್ರಮಾಣಪತ್ರವೇ ಗುರಿಯಾಗುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಅವಕಾಶ ಇರಬೇಕು ಎನ್ನುತ್ತದೆ. ಆ 50 ಗಂಟೆಗಳಲ್ಲಿ ಅರ್ಧವಾದರೂ ತಮ್ಮದೇ ತರಗತಿಯಲ್ಲಿ ಪ್ರಯತ್ನಿಸಿ, ಸಹೋದ್ಯೋಗಿಗಳೊಂದಿಗೆ ಚರ್ಚಿಸುವುದಕ್ಕೆ ಲೆಕ್ಕವಾಗಬೇಕು.

ಮುಖ್ಯ ಶಿಕ್ಷಕ, ಕೊಪ್ಪಳ ಜಿಲ್ಲೆ

ಆ 50 ಗಂಟೆ ಯಾವಾಗ ಎಂಬುದನ್ನೂ ಹೇಳಿ ಮೇಡಂ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಐದೂ ತರಗತಿ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತವೆ. ಏಕೋಪಾಧ್ಯಾಯ ಶಾಲೆಯವರ ಪಾಡಂತೂ ಹೇಳುವುದೇ ಬೇಡ.

ನಿವೃತ್ತ ಶಿಕ್ಷಕ, ಹೆಗ್ಗಡದೇವನಕೋಟೆ ತಾಲ್ಲೂಕು

ನಮ್ಮ ತಾಲ್ಲೂಕಿನಲ್ಲಿ 1995ರಲ್ಲಿ ಕಾರ್ಡುಗಳು, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಆರಂಭವಾದ ಕಾಲವನ್ನು ನಾನು ಕಂಡಿದ್ದೇನೆ. ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿವ್ಯಾಲಿಯ ಶಾಲೆಗಳ ಪ್ರೇರಣೆ ಇತ್ತು. ಆದರೆ ಅದು ನಿಂತದ್ದು ಶಿಕ್ಷಕರ ದುಡಿಮೆಯ ಮೇಲೆ. ಕಾರ್ಡುಗಳನ್ನು ಬರೆದವರು, ಚಿತ್ರ ಬಿಡಿಸಿದವರು, ತರಗತಿಯಲ್ಲಿ ಬಳಸಿ ನೋಡಿ ‘ಇದು ಮಗುವಿಗೆ ಹಿಡಿಸಲಿಲ್ಲ’ ಎಂದು ಬದಲಾಯಿಸಿದವರು ಶಿಕ್ಷಕರು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿ ಯಾವ ಮಗು ಇದೆ ಎಂಬುದು ಪ್ರಗತಿ ನೋಟ ಎಂಬ ಪಟ್ಟಿಯಲ್ಲಿ ಗೋಡೆಯ ಮೇಲೇ ಇರುತ್ತಿತ್ತು. ಅದೂ ಮಾಹಿತಿಯೇ. ಆದರೆ ಆ ಮಾಹಿತಿಯನ್ನು ಮೊದಲು ನೋಡುತ್ತಿದ್ದವರು ಮಗು ಮತ್ತು ಶಿಕ್ಷಕರು. ಮರುದಿನದ ಕೆಲಸ ಅದರಿಂದಲೇ ಗೊತ್ತಾಗುತ್ತಿತ್ತು.

ಇಂದು ಶಿಕ್ಷಕರು ಅಂಕ ತುಂಬಿದ ಮೇಲೆ ಅದು ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಏನು ಬರುತ್ತದೆ? ನಿಮ್ಮ ತರಗತಿಯ ಇಂಥ ಮಕ್ಕಳಿಗೆ ಸ್ಥಾನಬೆಲೆ ಬಂದಿಲ್ಲ, ಇದನ್ನು ಮಾಡಿ ನೋಡಿ ಎಂಬ ಒಂದು ಸಾಲಾದರೂ ಹಿಂದಿರುಗಿ ಬಂದರೆ ಯಾವ ಶಿಕ್ಷಕರೂ ಮಾಹಿತಿ ತುಂಬಲು ಬೇಸರಪಡುವುದಿಲ್ಲ. ಹೊಸ ಸಾಧನ ಯಾವುದೇ ಬರಲಿ, ಅದನ್ನು ಸಿದ್ಧಪಡಿಸುವ ಕೋಣೆಯಲ್ಲಿ ತರಗತಿಯ ಶಿಕ್ಷಕರು ಇರಬೇಕು.

ಶಿಕ್ಷಕ, ಕಲಬುರಗಿ ಜಿಲ್ಲೆಯ ತಾಂಡಾ ಶಾಲೆ

ನನ್ನ ಅನುಭವ. ಒಂದನೇ ತರಗತಿಗೆ ಬರುವ ಮಕ್ಕಳ ಮನೆಮಾತು ಲಂಬಾಣಿ. ದೀಕ್ಷಾದಲ್ಲಿ, ಯೂಟ್ಯೂಬ್‌ನಲ್ಲಿ ಇರುವ ಕನ್ನಡ ಪಾಠಗಳ ವೇಗ ಅವರಿಗೆ ನಿಲುಕುವುದಿಲ್ಲ. ತಾಂಡಾದ ಅಜ್ಜಿಯರ ಬಳಿ ಹೋಗಿ, ಮನೆಯಲ್ಲಿರುವ ವಸ್ತುಗಳ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಂಡೆ. ಪ್ರತಿ ವಸ್ತುವಿನ ಫೋಟೊ, ಮೊದಲು ಅಜ್ಜಿಯ ದನಿಯಲ್ಲಿ ಲಂಬಾಣಿ ಹೆಸರು, ಆಮೇಲೆ ನಾಲ್ಕನೇ ತರಗತಿಯ ಹುಡುಗಿಯ ದನಿಯಲ್ಲಿ ಕನ್ನಡ ಹೆಸರು. ಚಿತ್ರಗಳನ್ನು ಸಾಲಾಗಿ ಜೋಡಿಸುವ ಸರಳ ಆ್ಯಪ್ ಸಾಕಾಯಿತು. ತನ್ನ ಅಜ್ಜಿಯ ದನಿ ಶಾಲೆಯಲ್ಲಿ ಕೇಳಿದಾಗ ಬಾಯಿ ಬಿಡದ ಮಗುವೂ ಮಾತನಾಡಿತು. ಈ ಪಾಠವನ್ನು ರಾಜಧಾನಿಯಲ್ಲಿ ಕುಳಿತು ಯಾರೂ ತಯಾರಿಸಿ ಕಳಿಸಲಾರರು.

ಕೆಲಸಕ್ಕೆ ಬಾರದ್ದು: ನೇರವಾಗಿ ಇಂಟರ್‌ನೆಟ್‌ನಿಂದ ವಿಡಿಯೊ ತೋರಿಸುವುದು. ಚಕ್ರ ತಿರುಗುತ್ತಾ ನಿಂತಿತೆಂದರೆ ಮಕ್ಕಳ ಗಮನ ಮತ್ತೆ ಹಿಡಿಯಲು ಆ ತರಗತಿಯೇ ಮುಗಿದಿರುತ್ತದೆ. ದೀಕ್ಷಾ ಆ್ಯಪ್‌ನಲ್ಲಿ ಪಾಠವನ್ನು ಮೊದಲೇ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆ ನೋಡಬಹುದು. ಪಠ್ಯಪುಸ್ತಕದ ಕ್ಯುಆರ್ ಸಂಕೇತವನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ ಇಳಿಸಿಕೊಂಡು ಬನ್ನಿ. ಪೂರ್ತಿ ನೋಡಿದ ಮೇಲೆ ಮಾತ್ರ ತರಗತಿಗೆ ತನ್ನಿ.

ಶಿಕ್ಷಕಿ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆ

ರೇಷ್ಮೆ ಹುಳುವಿನ ಜೀವನಚಕ್ರದ ವಿಡಿಯೊ ನಮ್ಮ ಶಾಲೆಯ ಟಿವಿಯಲ್ಲಿದೆ. ನಾನು ಅದನ್ನು ಹಾಕುವುದಿಲ್ಲ. ಶಾಲೆಯ ಎದುರಿನ ಮನೆಯಲ್ಲೇ ಹುಳು ಸಾಕುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಸೊಪ್ಪು ಮೇಯುವ ಸದ್ದು ಕೇಳಿಸಿಕೊಳ್ಳುತ್ತಾರೆ. ಫೋನ್ ತೆಗೆಯುವುದು ಒಂದೇ ಕಾರಣಕ್ಕೆ: ಹಣ್ಣಾದ ಹುಳು ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ತಟ್ಟೆಗೆ) ಹತ್ತಿದ ಮೇಲೆ ಗೂಡು ಕಟ್ಟುವುದನ್ನು ಒಂದೇ ಜಾಗದಿಂದ ಬಿಟ್ಟು ಬಿಟ್ಟು ಫೋಟೊ ತೆಗೆದು, ಆಮೇಲೆ ಒಂದರ ಹಿಂದೊಂದು ತೋರಿಸುತ್ತೇನೆ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುವುದನ್ನು ಕಾಣಿಸಲು ಫೋನ್ ಬೇಕು. ಎದುರಿಗೇ ಇರುವುದನ್ನು ಕಾಣಿಸಲು ಬೇಡ.

ಹಾಗೆಯೇ ‘ನಮ್ಮೂರಿನ ನಕ್ಷೆ’ ಪಾಠಕ್ಕೆ ಮೊದಲು ಮಕ್ಕಳೇ ನಡೆದಾಡಿ ನಕ್ಷೆ ಬಿಡಿಸುತ್ತಾರೆ. ಆಮೇಲೆ ಉಪಗ್ರಹದ ಚಿತ್ರ ತೋರಿಸುತ್ತೇನೆ. ತಾವು ಬಿಡಿಸಿದ ಕೆರೆ ದೊಡ್ಡದಾಯಿತು, ದೇವಸ್ಥಾನ ತಪ್ಪು ದಿಕ್ಕಿಗೆ ಹೋಯಿತು ಎಂದು ಅವರೇ ಜಗಳವಾಡಿ ತಿದ್ದಿಕೊಳ್ಳುತ್ತಾರೆ. ಕ್ರಮ ಅದಲುಬದಲಾದರೆ ನೋಡಿ ನಕಲು ಮಾಡುತ್ತಾರೆ, ಅಷ್ಟೇ.

ಹಳೆಯ ವಿದ್ಯಾರ್ಥಿ, ಸದ್ಯ ಅಮೆರಿಕದ ಟೆಕ್ಸಾಸ್‌ನಲ್ಲಿ ವಾಸ

ಎಲ್ಲ ಗುರುಗಳಿಗೆ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಹಾಸನ ಜಿಲ್ಲೆಯ ನಮ್ಮ ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಬೇಕೆಂದಿದ್ದೆವು. ಇದನ್ನೆಲ್ಲ ಓದಿದ ಮೇಲೆ ಯೋಚನೆಗೆ ಬಿದ್ದಿದ್ದೇನೆ. ಏನು ಕೊಟ್ಟರೆ ನಿಜವಾಗಿ ಬಳಕೆಯಾಗುತ್ತದೆ?

ಶಿಕ್ಷಕ, ಕಲಬುರಗಿ ಜಿಲ್ಲೆಯ ತಾಂಡಾ ಶಾಲೆ

ಸರ್, ಕೊಡುವ ಮೊದಲು ಶಾಲೆಗೆ ಫೋನ್ ಮಾಡಿ ಶಿಕ್ಷಕರನ್ನೇ ಕೇಳಿ. ನನ್ನನ್ನು ಕೇಳಿದರೆ: ಕರೆಂಟ್ ಹೋದಾಗ ನಡೆಯಲು ಯುಪಿಎಸ್, ಹಿಂದಿನ ಸಾಲಿಗೂ ಕೇಳಿಸುವ ಸ್ಪೀಕರ್, ಒಂದು ಪ್ರಿಂಟರ್, ಮತ್ತು ಅದರ ಶಾಯಿಗೆ, ರಿಪೇರಿಗೆ ಪ್ರತಿ ವರ್ಷ ಸ್ವಲ್ಪ ಹಣ. ಪ್ರಿಂಟರ್ ಇದ್ದರೆ ನಮ್ಮ ಮಕ್ಕಳ ಮಟ್ಟಕ್ಕೆ ತಕ್ಕ ಅಭ್ಯಾಸ ಹಾಳೆಯನ್ನು ನಾವೇ ಮಾಡಿಕೊಳ್ಳುತ್ತೇವೆ. ಕೆಟ್ಟ ಯಂತ್ರ ರಿಪೇರಿಗೆ ದುಡ್ಡಿಲ್ಲದೆ ಬೀರುವಿನಲ್ಲಿ ಕೂರುವುದನ್ನು ಬಹಳ ನೋಡಿದ್ದೇನೆ.

ಶಿಕ್ಷಕಿ, ದಾವಣಗೆರೆ ಜಿಲ್ಲೆ

ನಡುವೆ ಒಂದು ಸಹಾಯ ಬೇಕು. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪಾಗಿವೆ. ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯಾರಾದರೂ ಬಲ್ಲಿರಾ?

ಅತಿಥಿ ಶಿಕ್ಷಕ, ಚಿಕ್ಕಬಳ್ಳಾಪುರ ಜಿಲ್ಲೆ

ಮೇಡಂ, ಕಡತ ಕೆಟ್ಟಿಲ್ಲ, ಗಾಬರಿ ಬೇಡ. ಹಳೆಯ ನುಡಿಯ ‘ನುಡಿ 01 ಇ’ಯಂಥ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಅಕ್ಷರಶೈಲಿ ಇಲ್ಲದ ಫೋನಿಗೆ ಕಾಣುವುದು ಕೆಳಗಿನ ಇಂಗ್ಲಿಷ್ ಅಕ್ಷರ ಮಾತ್ರ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೂ ಸಿಗುತ್ತದೆ.

ಆಸ್ಕಿ ಎನ್ನುವ ಈ ಹಳೆಯ ಬಗೆಯಿಂದ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಪಠ್ಯವನ್ನು ನಕಲಿಸಿ ಅಲ್ಲಿ ಅಂಟಿಸಿ, ಪರಿವರ್ತಿಸಿ. ಅರ್ಕಾವತ್ತು, ಒತ್ತಕ್ಷರ, ಗಣಿತದ ಚಿಹ್ನೆಗಳು ಕೆಲವೊಮ್ಮೆ ಕೆಡುತ್ತವೆ, ಒಮ್ಮೆ ಓದಿ ತಿದ್ದಿ. ಇನ್ನು ಮುಂದೆ ಯುನಿಕೋಡ್‌ನಲ್ಲೇ ಟೈಪಿಸಿ. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಆಯ್ಕೆ ಇದೆ, ಕೀಲಿಗಳನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಫೋನಿನಲ್ಲಾದರೆ ಜಿಬೋರ್ಡ್ ಎಂಬ ಕೀಲಿಮಣೆ ಆ್ಯಪ್‌ನಲ್ಲಿ ಕನ್ನಡವನ್ನು ಸೇರಿಸಿ ಮೈಕಿನ ಗುರುತು ಒತ್ತಿ ಮಾತನಾಡಿ. ಪಾಠ ಟಿಪ್ಪಣಿ ಬರೆಯುವ ಹಿರಿಯ ಶಿಕ್ಷಕರಿಗೆ ಇದು ದೊಡ್ಡ ಅನುಕೂಲ.

ಡಯಟ್ ಉಪನ್ಯಾಸಕಿ, ಮೈಸೂರು ವಿಭಾಗ

ನೋಡಿ, ಇದೇ ಡಿಜಿಟಲ್ ಸಾಕ್ಷರತೆ. ಯಾಕೆ ಹೀಗಾಗುತ್ತದೆ ಎಂದು ತಿಳಿದರೆ ಮುಂದಿನ ತೊಂದರೆಯನ್ನು ತಾವೇ ಬಿಡಿಸಿಕೊಳ್ಳುತ್ತಾರೆ.

ಪೋಷಕಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಉಡುಪಿ ಜಿಲ್ಲೆ

ನಾನು ಶಿಕ್ಷಕಿಯಲ್ಲ, ಆದರೂ ಒಂದು ವಿಷಯ ಎತ್ತಲೇಬೇಕು. ಮಕ್ಕಳ ಫೋಟೊಗಳು ಶಿಕ್ಷಕರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಬರುತ್ತವೆ. ಆಧಾರ್ ಪ್ರತಿಗಳನ್ನು ಗುಂಪಿಗೆ ಹಾಕಿ ಎನ್ನುತ್ತಾರೆ. ಯಾರದೂ ಕೆಟ್ಟ ಉದ್ದೇಶವಲ್ಲ, ನನಗೆ ಗೊತ್ತು. ಆದರೆ ಸಮವಸ್ತ್ರದಲ್ಲಿರುವ ಹೆಣ್ಣುಮಗಳ ಫೋಟೊ, ಹೆಸರು, ಊರು ಒಂದೇ ಕಡೆ ಸಿಕ್ಕರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು.

ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಅಕ್ಕಾ, ನೀವು ಹೇಳಿದ್ದು ನಮ್ಮ ತರಬೇತಿಯಲ್ಲಿ ಮೊದಲ ಪಾಠವಾಗಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಪಾರ್ ಸಂಖ್ಯೆಗೂ ಪೋಷಕರ ಒಪ್ಪಿಗೆ ಪತ್ರ ಇದೆ. ಆ ಪತ್ರಕ್ಕೆ ಸಹಿ ಹಾಕಿಸುವಾಗ ಅದು ಏನೆಂದು ತಾಯಿಗೆ ತಿಳಿಸಿ ಹೇಳುವ ಹೊಣೆ ನಮ್ಮದು. ನಾನು ಧ್ವನಿಮುದ್ರಣಗಳನ್ನು ತಾಯಂದಿರ ಒಪ್ಪಿಗೆ ಪಡೆದೇ ಮಾಡುತ್ತೇನೆ, ಯಾವ ಗುಂಪಿಗೂ ಹಾಕುವುದಿಲ್ಲ, ವರ್ಷದ ಕೊನೆಗೆ ಅಳಿಸುತ್ತೇನೆ. ಕಾರ್ಯಕ್ರಮದ ವರದಿಗೆ ಫೋಟೊ ಬೇಕೇಬೇಕು ಎಂದರೆ ಮಕ್ಕಳ ಬೆನ್ನಿನ ಕಡೆಯಿಂದ ಅಥವಾ ಅವರು ಮಾಡಿದ ಚಾರ್ಟಿನ ಫೋಟೊ ಕೊಡಬಹುದು. ಅಧಿಕಾರಿಗಳೂ ಇದನ್ನು ಒಪ್ಪಬೇಕು.

ಶಿಕ್ಷಕ, ಬೆಳಗಾವಿ ಜಿಲ್ಲೆ

ಈಗ ಎಲ್ಲರೂ ಕೃತಕ ಬುದ್ಧಿಮತ್ತೆಯಿಂದ ಪಾಠ ಯೋಜನೆ, ಪ್ರಶ್ನೆಪತ್ರಿಕೆ ಮಾಡಿಸುತ್ತಿದ್ದಾರೆ. ನಾನೂ ಬಳಸುತ್ತೇನೆ. ಗಣಿತದಲ್ಲಿ ಒಂದೇ ಬಗೆಯ ಅಭ್ಯಾಸ ಲೆಕ್ಕಗಳನ್ನು ಹಲವು ಮಟ್ಟಗಳಲ್ಲಿ ಕೊಡಿಸಿಕೊಳ್ಳಲು ಅನುಕೂಲ. ಆದರೂ ಉತ್ತರಗಳನ್ನು ನಾನೇ ಬಿಡಿಸಿ ನೋಡುತ್ತೇನೆ. ಕನ್ನಡ ಪದ್ಯದ ವಿಷಯದಲ್ಲಿ ಮಾತ್ರ ಅದನ್ನು ನಂಬಬೇಡಿ. ಪಠ್ಯದಲ್ಲಿರುವ ಪದ್ಯದ ಹೆಸರು ಹೇಳಿ ಸಾರಾಂಶ ಕೇಳಿದರೆ, ಪದ್ಯದಲ್ಲಿ ಇಲ್ಲದ ಸಾಲುಗಳನ್ನು ಇವೆ ಎಂಬಂತೆ ಬರೆದುಕೊಡುತ್ತದೆ. ಪದ್ಯದ ಪೂರ್ಣ ಪಠ್ಯ ಕೊಟ್ಟು, ಅದರೊಳಗಿನಿಂದಲೇ ಪ್ರಶ್ನೆ ಮಾಡು ಎಂದರೆ ಸುಧಾರಿಸುತ್ತದೆ. ಮಕ್ಕಳ ಹೆಸರು, ಅಂಕ ಯಾವುದನ್ನೂ ಅದಕ್ಕೆ ಕೊಡಬಾರದು.

ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಶಿವಮೊಗ್ಗ ಜಿಲ್ಲೆ

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯ ಹೆಚ್ಚಿನ ಸಮಯ ಸುತ್ತೋಲೆ ಓದುವುದಕ್ಕೆ, ಬಾಕಿ ಮಾಹಿತಿ ಕೇಳುವುದಕ್ಕೆ ಹೋಗುತ್ತದೆ. ಸುತ್ತೋಲೆಗಳನ್ನು ಗುಂಪಿಗೆ ಹಾಕಿದರೆ ಎಲ್ಲರೂ ಓದಬಲ್ಲರು, ಅದಕ್ಕಾಗಿ ಸಭೆ ಬೇಕಿಲ್ಲ. ಮುಂದಿನ ಸಭೆಯಿಂದ ಊಟದ ನಂತರದ ವೇಳೆಯನ್ನು ಒಬ್ಬ ಶಿಕ್ಷಕರಿಗೆ ಬಿಡುತ್ತೇನೆ. ತಮ್ಮ ತರಗತಿಯಲ್ಲಿ ಮಾಡಿದ್ದನ್ನು ಅವರು ಮಾಡಿ ತೋರಿಸಲಿ. ಉಳಿದವರು ಅಲ್ಲೇ ತಮ್ಮ ಫೋನಿನಲ್ಲಿ ಮಾಡಿ ನೋಡಲಿ. ಅತಿಥಿ ಶಿಕ್ಷಕರನ್ನೂ ಕರೆಯುತ್ತೇನೆ. ಸಭೆಯ ದಿನ ಅವರ ಶಾಲೆ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಮುಖ್ಯ ಶಿಕ್ಷಕರ ಜೊತೆ ಮಾತನಾಡಬೇಕು.

ಹಾವೇರಿಯ ಮೇಡಂ, ನಿಮ್ಮ ಓದಿನ ಧ್ವನಿಮುದ್ರಣದ ಕ್ರಮವನ್ನೇ ಮೊದಲು ತೆಗೆದುಕೊಳ್ಳುತ್ತೇವೆ. ಯಾವ ಪಠ್ಯ ಓದಿಸುತ್ತೀರಿ, ಕೇಳುವಾಗ ಏನೇನು ಗುರುತು ಹಾಕಿಕೊಳ್ಳುತ್ತೀರಿ ಎಂದು ಬರೆದು ಹಾಕುತ್ತೀರಾ?

ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಖಂಡಿತ ಸರ್. ಮಕ್ಕಳು ಬಾಯಿಪಾಠ ಮಾಡಿರಬಾರದು, ಆದ್ದರಿಂದ ಪಠ್ಯಪುಸ್ತಕದ ಪಾಠ ಬೇಡ. ಹಿಂದಿನ ತರಗತಿಯ ಮಟ್ಟದ, ಹೊಸದಾದ ಎಂಟು ಹತ್ತು ಸಾಲಿನ ಕಥೆ ನಾನೇ ಬರೆಯುತ್ತೇನೆ. ಓದಿ ಮುಗಿಸಿದ ಕೂಡಲೇ ಕಥೆಯ ಬಗ್ಗೆ ಎರಡು ಪ್ರಶ್ನೆ ಕೇಳಿ ಆ ಉತ್ತರವನ್ನೂ ಮುದ್ರಿಸುತ್ತೇನೆ. ಕೇಳುವಾಗ ಬಿಟ್ಟ ಪದ, ಬದಲಿಸಿ ಓದಿದ ಪದ, ತಾನೇ ತಿದ್ದಿಕೊಂಡ ಪದ ಎಂದು ಮೂರು ಗುರುತು ಸಾಕು. ತಾನೇ ತಿದ್ದಿಕೊಂಡದ್ದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ, ಆ ಮಗು ಅರ್ಥ ನೋಡಿಕೊಂಡು ಓದುತ್ತಿದೆ. ಕಥೆಗಳನ್ನು ಯುನಿಕೋಡ್‌ನಲ್ಲಿ ಟೈಪಿಸಿ ಶನಿವಾರ ಇಲ್ಲೇ ಹಾಕುತ್ತೇನೆ. ನಿಮ್ಮೂರಿನ ಮಕ್ಕಳಿಗೆ ತಕ್ಕಂತೆ ಮಾತು, ಊಟ, ಹಬ್ಬಗಳ ಹೆಸರನ್ನು ಬದಲಿಸಿಕೊಳ್ಳಿ.